ಡಿಗ್ರಿ ಮಾವ ಓರೆಯಾಗಿ ಅಳೆದ ಬಂಡೆ

ಕಲ್ಲುಗಣಿಯ ಡಿಗ್ರಿ ಮಾವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಬಂಡೆಯ ಪದರಗಳ ಇಳಿಜಾರು ಅಳೆಯುವುದೇ ಅವನ ದಿಗ್ವಿಜಯ. ಅಂಗೈಯಗಲದ ಕೋನಮಾಪಕವೇ ಬ್ರಹ್ಮಾಸ್ತ್ರ. ಮನೆಯಲ್ಲೂ ಚಟ ಬಿಡದೆ, ವಾಲಿದ ಕಪಾಟಿನ ಮುಂದೆ ನಿಂತು "ಮೂರು ಡಿಗ್ರಿ!" ಎಂದು ಡಂಗುರ ಸಾರುತ್ತಿದ್ದ.

"ಸಾರಿದ್ದು ಸಾಕು, ಅದರ ಕಾಲಡಿಗೆ ರಟ್ಟು ಇಡಿ," ಎನ್ನುತ್ತಿದ್ದಳು ಹೆಂಡತಿ.

ಆಕೆ ತೀರಿಕೊಂಡು ಏಳು ತಿಂಗಳಾಗಿತ್ತು. ಮಾವ ಅತ್ತಿರಲಿಲ್ಲ. ತುಂಬ ಹೊತ್ತು ಮಡಚಿ ಕೂತರೆ ಕಾಲು ಮರಗಟ್ಟುತ್ತದಲ್ಲ, ಹಾಗೆ ಇಡೀ ಮನುಷ್ಯನೇ ಮರಗಟ್ಟಿದ್ದ. ಕೆಲಸಕ್ಕೆ ಬರುತ್ತಿದ್ದ, ಉಣ್ಣುತ್ತಿದ್ದ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ.

ಅಂಥದೊಂದು ಹೂಂನಲ್ಲೇ ಗಣಿಯ ಪೂರ್ವ ದಿಕ್ಕಿನ ಗೋಡೆಯ ವರದಿಗೂ ಸಹಿ ಬಿತ್ತು. ಕಡಿದ ಗೋಡೆಯಲ್ಲಿ ಕಾಣುವ ಪದರದ ಗೆರೆಗೆ ಮಾಪಕ ಹಿಡಿದ, ಹದಿನಾರು ಡಿಗ್ರಿ ಬಂತು, ಹಾಗೇ ಬರೆದ. ಮೊದಲ ವಾರದ ಹೊಸಬ ಮಾಡುವ ತಪ್ಪು! ಇಳಿಜಾರು ಚಾವಣಿಯ ಮೇಲೆ ಓರೆಯಾಗಿ ನಡೆದರೆ ಸಲೀಸು. ನೇರ ಕೆಳಕ್ಕೆ ಇಳಿದವನಿಗೇ ಗೊತ್ತು ಅದೆಷ್ಟು ಕಡಿದಾಗಿದೆ ಎಂದು. ಗೋಡೆ ಪದರವನ್ನು ಓರೆಯಾಗಿ ಕಡಿದಿದ್ದರೆ ಅಲ್ಲಿ ಕಾಣುವುದು ತೋರಿಕೆಯ ಇಳಿಜಾರು, ನಿಜಕ್ಕಿಂತ ಯಾವಾಗಲೂ ಕಡಿಮೆ. ಹದಿನಾರು ಡಿಗ್ರಿಗೆ ಬಂಡೆ ಜಾರುವುದಿಲ್ಲವೆಂದು ಗೋಡೆಯ ಬುಡದಲ್ಲೇ ಊಟದ ಶೆಡ್ ಎದ್ದಿತು. ಅಲ್ಲಿ ಅಡುಗೆಯವಳು ಮಾವನ ಸ್ವಂತ ಅಕ್ಕ.

ಒಂದು ಮಧ್ಯಾಹ್ನ ಮಾವ ಗೋಡೆಯ ನೆತ್ತಿಯಲ್ಲಿ ಕೆಲಸದಲ್ಲಿದ್ದಾಗ ಅಕ್ಕ ಏದುಸಿರು ಬಿಡುತ್ತ ಅಲ್ಲಿಗೇ ಊಟ ತಂದಳು. ಮಾವ ಉಂಡು, ಬರಿಯ ಬಂಡೆಪದರದ ಮೇಲೆ ಕೈ ತೊಳೆದ. ನೀರು ಗೋಡೆಯುದ್ದಕ್ಕೆ ಹರಿಯಲಿಲ್ಲ. ಅಂಚಿನತ್ತ, ಕೆಳಗಿನ ಶೆಡ್ಡಿನತ್ತ, ನೆಟ್ಟಗೆ ಓಡಿತು. ನೀರು ಹಿಡಿಯುವುದು ನಿಜವಾದ ಇಳಿಜಾರನ್ನೇ ಅಲ್ಲವೇ, ಮಾವ ಅದರ ದಾರಿಯಲ್ಲೇ ಮಾಪಕ ಇಟ್ಟ. ನಲವತ್ತು.

"ಎಂಜಲು ನೀರಿಗೂ ಅಳತೆಯೇನೋ?"

"ಅಕ್ಕ, ಇನ್ನು ಶೆಡ್ಡಿಗೆ ಹೋಗ್ಬೇಡ. ಬಂಡೆ ಜಾರುತ್ತೆ."

"ಹನ್ನೊಂದು ಜನಕ್ಕೆ ನಿನ್ನ ತಲೆ ಮೇಲೆ ಬಡಿಸ್ಲಾ?"

ಮಾವ ಆಗಲೇ ಮ್ಯಾನೇಜರ್ ಕೋಣೆಯತ್ತ ಇಳಿಯುತ್ತಿದ್ದ.

ಕೇಳಿದ ಮ್ಯಾನೇಜರ್ ಬಾಗಿಲು ಹಾಕಿಕೊಂಡ. "ಮಾವ, ಇಪ್ಪತ್ತೆರಡು ವರ್ಷದ ಹೆಸರು! ತಪ್ಪು ಅಂತ ಬರ್ಕೊಟ್ರೆ ಮೇಲಿನವ್ರು ನಿಮ್ಮನ್ನ ಮನೆಗೆ ಕಳಿಸ್ತಾರೆ. 'ಮರುಪರಿಶೀಲನೆ ಬೇಕು' ಅಂತ ನಯವಾಗಿ ಹಾಕಿ. ಮುಂದಿನ ತಿಂಗಳು ನೋಡೋಣ."

"ಅದು ಮುಂದಿನ ತಿಂಗಳವರೆಗೆ ಕಾಯಲ್ಲ. ತಪ್ಪು ನಂದು. ಕಾಗದ ಕೊಡಿ."

ದನಿ ನಡುಗಲಿಲ್ಲ. ಎಂಥ ಕೆಚ್ಚೆದೆ ಎಂದು ಗಣಿಯವರೆಲ್ಲ ಕೊಂಡಾಡಿದರು. ಕೆಚ್ಚೂ ಇಲ್ಲ, ಗಿಚ್ಚೂ ಇಲ್ಲ. ಹೆದರಲು ಬೇಕಾದ ಸಾಮಗ್ರಿಯೇ ನಮ್ಮ ವೀರನಲ್ಲಿ ಆಗ ದಾಸ್ತಾನಿರಲಿಲ್ಲ. ಸಂಜೆಯೊಳಗೆ ಒಲೆ, ಪಾತ್ರೆ, ಬೆಂಚು ಎಲ್ಲ ಹೊರಬಿದ್ದವು. ಗೋಡೆಯ ಹತ್ತಿರ ಯಾರೂ ಸುಳಿಯದಂತೆ ಹಗ್ಗ ಕಟ್ಟಿದರು. ಮೇಲಿನವರಿಂದ ಮಾವನನ್ನು ಅಳತೆಯ ಕೆಲಸದಿಂದ ತೆಗೆದ ಪತ್ರವೂ ಬಂತು.

ನಾಲ್ಕನೆಯ ದಿನ, ಸರಿಯಾಗಿ ಊಟದ ಹೊತ್ತಿಗೆ, ಲಾರಿ ಮಣ್ಣು ಸುರಿದಂತೆ ಸದ್ದಾಯಿತು. ಧೂಳು ಅಡಗಿದಾಗ ಶೆಡ್ ಇರಲಿಲ್ಲ. ದೂರದಲ್ಲಿ ಬಯಲಿನಲ್ಲಿ ಬಡಿಸುತ್ತಿದ್ದ ಅಕ್ಕ ಸೌಟು ಬಿಸಾಡಿ ಓಡಿಬಂದು ತಮ್ಮನ ಅಂಗಿ ಹಿಡಿದು ಜಗ್ಗಿದಳು.

"ನಾನು ಅದರೊಳಗೆ ಇರ್ತಿದ್ದೆ ಕಣೋ! ನಡುಗೋ, ಬೈಯೋ, ಏನಾದ್ರೂ ಮಾಡೋ!"

ಮಾವ ಅವಳ ತಲೆಯ ಮೇಲಿನ ಧೂಳು ಒರೆಸಿದ. ಒಳಗೆ ಏನಾದರೂ ಅಲುಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ.

"ಏನೂ ಆಗ್ತಿಲ್ಲ ಅಕ್ಕ," ಎಂದ. "ಸಾರು ಆರಿಹೋಗುತ್ತೆ, ನಡಿ."