ಕನಮಡಿ ಎನ್ನುವ ಮೊದಲಿನ ಕೆಮ್ಮು

ಕಳೆದ ವಾರ ಸ್ಟೇಷನ್ ರಸ್ತೆಯಲ್ಲಿ ಕುಕ್ಕರಿನ ರಬ್ಬರು ಕೊಳ್ಳುತ್ತ ನಿಂತಿದ್ದೆ. ಬೆನ್ನ ಹಿಂದೆ ಅಪ್ಪ ಮಾತಾಡಿದ. "ಟಿಕೋಟಾ, ಹ್ಞುಂ, ಕನಮಡಿ ಕಡೆ ಹೋಗೋರು ಲಕ್ಷ್ಯ ಕೊಟ್ಟು ಕೇಳ್ರಿ." ಅಪ್ಪ ತೀರಿಕೊಂಡು ನಾಲ್ಕು ವರ್ಷ. ಕೈಯಲ್ಲಿದ್ದ ರಬ್ಬರು ಎಲ್ಲಿ ಬಿತ್ತೋ, ನಮ್ಮ ಕುಕ್ಕರು ಇವತ್ತಿಗೂ ಸೀಟಿ ಹೊಡೆದಿಲ್ಲ.

ತಿರುಗಿ ನೋಡಿದರೆ ಮೈಕು ಕಟ್ಟಿದ ಆಟೋ. ಅಪ್ಪನ ದನಿಯಲ್ಲಿ ಮತ ಕೇಳುತ್ತಿದ್ದವನು ಬಸು.

ಈ ಬಸುವಿನ ಕಥೆ ನಿಮಗೆ ಹೇಳಲೇಬೇಕು. ಟಿಕೋಟಾದವನು. ನಮ್ಮಪ್ಪ ಇಲ್ಲಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ದಿನಾ ಕಾಲೇಜಿಗೆ ಬಂದು ಹೋಗುತ್ತಿದ್ದ ಬಸು, ಅಪ್ಪ ಮೈಕಿನಲ್ಲಿ ಬಸ್ಸು ಕೂಗುವುದನ್ನು ಕೇಳಿ ಕೇಳಿ ಆ ದನಿಯನ್ನೇ ಕಲಿತುಬಿಟ್ಟ. ಕನಮಡಿ ಎನ್ನುವ ಮೊದಲು ಅಪ್ಪನಿಗೊಂದು ಸಣ್ಣ ಕೆಮ್ಮು, ಅದನ್ನೂ ಬಿಡಲಿಲ್ಲ. ಸ್ಟ್ಯಾಂಡಪ್ ಎಂದರೇನೆಂದು ನಮಗಾರಿಗೂ ಗೊತ್ತಿಲ್ಲದಾಗ ಒಂದು ಚಹಾದಂಗಡಿಯ ಮಾಳಿಗೆಯ ಮೇಲೆ ನಿಂತು ಆ ಕೆಮ್ಮಿನಿಂದಲೇ ಜನರನ್ನು ನಗಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಆಮೇಲೆ ಗೆಳೆಯರನ್ನು ಕೂಡಿಸಿಕೊಂಡು ಬಬಲೇಶ್ವರದಲ್ಲಿ ಸಿನಿಮಾ ತೆಗೆದ. ಕ್ಯಾಮೆರಾ ಮೊಬೈಲಿನದು, ನಾಯಕಿ ಉಟ್ಟ ಸೀರೆ ನನ್ನದು. ಸೀರೆ ಇನ್ನೂ ವಾಪಸು ಬಂದಿಲ್ಲ, ಇರಲಿ. ಅದನ್ನು ಕಲ್ಯಾಣ ಮಂಟಪದಲ್ಲಿ ತೋರಿಸುವ ಹೊತ್ತಿಗೆ ಗಂಟಲಿನ ಆಪರೇಷನ್ ಆಗಿ ಅಪ್ಪನ ದನಿ ಪೂರ್ತಿ ಹೋಗಿತ್ತು. ಪರದೆಯ ಮೇಲೆ ಬಸುವಿನ ಬಾಯಲ್ಲಿ ಅಪ್ಪನ ದನಿ, ನನ್ನ ಪಕ್ಕದ ಕುರ್ಚಿಯಲ್ಲಿ ಮಾತಿಲ್ಲದ ಅಪ್ಪ. ಜನ ನಗುತ್ತಿದ್ದರು. ನಾನು ಎದ್ದು ಹೋಗಿ, "ನಮ್ಮಪ್ಪನ ದನಿ ಕದ್ದು ಮಾರಿ ಹೊಟ್ಟಿ ಹೊರಿತಿ, ನಾಚಿಕಿ ಬರೂದಿಲ್ಲೇನು?" ಎಂದೆ. ಬಸು ತಲೆ ತಗ್ಗಿಸಿದ. ಅವತ್ತಿನಿಂದ ಅವನೊಂದಿಗೆ ಮಾತು ಬಿಟ್ಟೆ.

ಈಗ ನೋಡಿದರೆ, ಹತ್ತು ಜನ ಸೇರಿದರೆ ಅರ್ಧ ಪಕ್ಷವೇ ಸೇರಿದಂತಾಗುವ ಒಂದು ಪುಟ್ಟ ಪಕ್ಷದ ಅಭ್ಯರ್ಥಿ. ಆಟೋಗೆ ಅಡ್ಡ ನಿಂತೆ. "ಬಂದ್ ಮಾಡು," ಎಂದೆ.

"ಅಕ್ಕಾ, ಅವ್ವಾರನ್ನ ಒಂದ್ ಮಾತ ಕೇಳ್ರಿ. ಅವ್ರು ಬ್ಯಾಡ ಅಂದ್ರ ಇವತ್ತ ಬಂದ್ ಮಾಡ್ತೀನಿ."

ಜೋರಾಪುರ ಪೇಟೆಯ ತವರಿಗೆ ಓಡಿದೆ. ಸಿಟ್ಟು ಬಂದರೆ ನನಗೆ ಕಣ್ಣು ಕಾಣುವುದಿಲ್ಲ. ಮುಟ್ಟಿದ ಮೇಲೆ ನೋಡಿಕೊಂಡರೆ ಎಡಗಾಲಿನಲ್ಲಿ ಕುಕ್ಕರಿನ ಅಂಗಡಿಯವಳ ಚಪ್ಪಲಿಯಿತ್ತು. ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

"ದನಿ ಹೋದ ಮ್ಯಾಲ ನಿಮ್ಮಪ್ಪ ವಾರಕ್ಕೊಮ್ಮಿ ಬಸೂನ ಕರಸ್ತಿದ್ರು," ಎಂದಳು. "ಪಾಟಿ ಮ್ಯಾಲ ಬರದು ಕೊಡೋರು, ಅಂವ ಅವರ ದನೀಲೆ ಓದಾಂವ. ಕೆಮ್ಮು ತಪ್ಪಿದ್ರ ತೊಡಿ ಬಡದು ತಿದ್ದೋರು. ಸಿನಿಮಾದಾಗ ಹಾಕು ಅಂದವ್ರೂ ಅವರ. ಒಂದಿನ ನನ್ನ ಹೆಸರ ಬರದು ಕೊಟ್ರು. ಅಂವ ಕರದ. ನಾ ಒಳಗಿಂದ ‘ಬಂದ್ನಿರಿ’ ಅಂದ್ನಿ."

"ನನಗ್ಯಾಕ ಹೇಳ್ಲಿಲ್ಲ ಬೇ?"

"ನೀ ಕೇಳಾಕ ಎಲ್ಲಿ ಬಂದಿ? ಅವನ ಹೆಸರ ಎತ್ತಿದ್ರ ಎದ್ದು ಹೋಗ್ತಿದ್ದಿ."

ಕದ್ದದ್ದು ಎಂದು ನಾನು ಬೈದ ದನಿ ಅಪ್ಪ ತಾನೇ ಕೊಟ್ಟು ಹೋದದ್ದು. ನಮ್ಮ ಮನೆಯಲ್ಲಿ ಅವನ ದನಿಯ ಒಂದು ರೆಕಾರ್ಡಿಂಗೂ ಇಲ್ಲ ಎಂಬುದು ಆಗಲೇ ಹೊಳೆದದ್ದು.

ಇವತ್ತು ಮುಂಜಾನೆ ಆಟೋ ಅವ್ವನ ಓಣಿಗೆ ಬಂತು. ಅವ್ವ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಳು. ನಾನು ಬರಿಗಾಲಲ್ಲೇ ಓಡಿ ಅಡ್ಡ ನಿಂತೆ. ಬಸು ಗಾಬರಿಯಾಗಿ ಮೈಕಿನ ಗುಂಡಿಗೆ ಕೈ ಹಾಕಿದ.

"ಬಂದ್ ಮಾಡಬ್ಯಾಡೋ," ಎಂದೆ. "ನನ್ನ ಹೆಸರೂ ಒಮ್ಮಿ ಕರಿ."