ಕಾದ ಜೇನು ಮುಟ್ಟದ ಮುನಿಯಣ್ಣ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷದ ಮಾತು. ಆಗ ನಾನು ಟಿ. ದಾಸರಹಳ್ಳಿಯ ಒಂದು ಸಣ್ಣ ಆಯುರ್ವೇದ ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಮಿಸ್ಟ್ ಆಗಿದ್ದೆ. ಯಶವಂತಪುರದ ಮಾರ್ಕೆಟ್ ಯಾರ್ಡ್‌ನಲ್ಲಿ ಮೂಟೆ ಹೊತ್ತ ಅಪ್ಪನ ಮಗಳು ನಾನು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೆಸರಿನ ಪಕ್ಕ ಎಂ.ಎಸ್ಸಿ. ಎಂದು ಬರೆದುಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ ಅದು.

ಆ ವರ್ಷ ಮಲೇಷ್ಯಾದ ಕಂಪನಿಯೊಂದು ಚೀನೀ ಪದ್ಧತಿಯಲ್ಲಿ ಸಂಸ್ಕರಿಸಿದ ಮೂಲಿಕೆಗಳನ್ನು ನಮ್ಮಲ್ಲಿ ಮಾಡಿಸಲು ಮುಂದೆ ಬಂತು. ಕಲಿಸಲು ಲಿನ್ ಮೇಡಂ ಬಂದರು. ಚೀನೀ ಮೂಲದವರು, ಅರವತ್ತು ದಾಟಿದವರು, ಮೂರನೇ ದಿನಕ್ಕೇ ನಮ್ಮ ಕ್ಯಾಂಟೀನಿನ ಖಾರ ಚಟ್ನಿಗೆ ಮನಸೋತವರು. ಚೀನೀ ವೈದ್ಯದಲ್ಲಿ ಅನೇಕ ಮೂಲಿಕೆಗಳನ್ನು ಕಿತ್ತು ಒಣಗಿಸಿದರೆ ಸಾಲದು. ಮರಳಲ್ಲಿ ಹುರಿಯುತ್ತಾರೆ, ಹಬೆಯಲ್ಲಿ ಬೇಯಿಸುತ್ತಾರೆ, ವಿನೆಗರ್, ಉಪ್ಪುನೀರು, ಜೇನು ಕುಡಿಸುತ್ತಾರೆ. ಈ ಸಂಸ್ಕಾರಕ್ಕೆ ಪಾವೊಝಿ ಎಂದು ಹೆಸರು. ಅದೇ ಬೇರು ಹಸಿಯಾಗಿದ್ದಾಗ ಒಂದು ಕೆಲಸ ಮಾಡುತ್ತದೆ, ಹುರಿದಾಗ ಇನ್ನೊಂದು ಎಂಬುದು ಅವರ ನಂಬಿಕೆ.

ಮೊದಲ ಪಾಠ ಜೇನಿನಲ್ಲಿ ಹುರಿದ ಅತಿಮಧುರ, ಅಂದರೆ ಜ್ಯೇಷ್ಠಮಧು. ನೂರು ಕೆ.ಜಿ. ಬೇರಿನ ಬಿಲ್ಲೆಗಳಿಗೆ ಇಪ್ಪತ್ತೈದು ಕೆ.ಜಿ. ಜೇನು. ಜೇನಿಗೆ ತುಸು ಬಿಸಿನೀರು ಬೆರೆಸಿ ಬಿಲ್ಲೆಗಳಿಗೆ ಸವರಬೇಕು. ಅದು ಒಳಗೆ ಇಳಿಯುವ ತನಕ ಮುಚ್ಚಿಟ್ಟು, ಆಮೇಲೆ ಸಣ್ಣ ಉರಿಯಲ್ಲಿ ಹುರಿಯಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಒಂದೂ ಬಿಲ್ಲೆ ಕೈಗೆ ಅಂಟಬಾರದು. ಅದೇ ಪರೀಕ್ಷೆ.

ನಮ್ಮ ಬಾಣಲೆಯ ಯಜಮಾನ ಮುನಿಯಣ್ಣ. ರಾಜಾನುಕುಂಟೆ ಕಡೆಯ ಹಳ್ಳಿಯವರು. ನಮ್ಮ ಕಾರ್ಖಾನೆಯ ಪ್ರತಿ ಲೇಹ್ಯವೂ ಅವರ ಕೈಯಲ್ಲೇ ಆಗಬೇಕು. ಲಿನ್ ಮೇಡಂ ಬೆಳಗ್ಗೆ ಮಾಡಿ ತೋರಿಸುವರು, ಮಧ್ಯಾಹ್ನ ಮುನಿಯಣ್ಣ ತಾವೇ ಮಾಡುವರು, ಸ್ಯಾಂಪಲ್ ನನ್ನ ಲ್ಯಾಬಿಗೆ ಬರುವುದು. ಪ್ರತಿ ಸಲವೂ ಬಿಲ್ಲೆಗಳು ಬೆಲ್ಲದ ಉಂಡೆಯಂತೆ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. "ನಿಮ್ಮ ಬೆಂಗಳೂರಿನ ಗಾಳಿಯಲ್ಲೇ ತೇವ ಜಾಸ್ತಿ ಇರಬೇಕು" ಎಂದು ಲಿನ್ ಮೇಡಂ ತಲೆ ಕೆರೆದುಕೊಂಡರು. ಮಾಲೀಕರಿಗೆ ಅಷ್ಟು ತಾಳ್ಮೆ ಇರಲಿಲ್ಲ.

"ಶನಿವಾರ ಪಾಸಾಗ್ಲಿಲ್ಲ ಅಂದ್ರೆ ಬಾಣಲೆಗೆ ಬೇರೆಯವರನ್ನ ಕರೆಸ್ತೀನಿ. ಮುನಿಯಣ್ಣ ಗೋಡೌನ್ ನೋಡ್ಕೊಳ್ಳಲಿ" ಎಂದುಬಿಟ್ಟರು.

ಒಲೆ ಬಿಟ್ಟು ಗೋಡೌನಿನಲ್ಲಿ ಕೂತ ಮುನಿಯಣ್ಣನನ್ನು ನೆನೆಸಿಕೊಳ್ಳಲೂ ನನ್ನಿಂದ ಆಗಲಿಲ್ಲ. ಶುಕ್ರವಾರ ಮಧ್ಯಾಹ್ನ ಲ್ಯಾಬಿನ ಕೆಲಸ ಬದಿಗಿಟ್ಟು ಒಲೆಯ ಹತ್ತಿರ ಹೋಗಿ ನಿಂತೆ. ಅವರು ಬಿಲ್ಲೆಗಳನ್ನು ಜೇನು ಸವರದೆ, ಒಣಗಿದ್ದ ಹಾಗೇ ಹುರಿದರು. ಕೆಳಗಿಳಿಸಿ ತಟ್ಟೆಗೆ ಹರಡಿದರು. ಅಂಗೈ ಇಟ್ಟು ಬಿಸಿ ಆರಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಜೇನು ಸುರಿದರು. ಥೇಟ್ ನಮ್ಮ ಲೇಹ್ಯದ ಕ್ರಮ, ಪಾಕ ಆರಿದ ಮೇಲೆಯೇ ಜೇನು.

"ಮುನಿಯಣ್ಣ, ಇದೇನ್ ಮಾಡ್ತಿದ್ದೀರಾ?"

"ಕಾಯ್ಸಿದ ಜೇನು ವಿಷ ಕಣವ್ವ. ನೀನು ಓದ್ದೋಳು, ನಿಂಗೊತ್ತಿಲ್ವಾ?"

"ಲಿನ್ ಮೇಡಂ ನಿಮ್ಮ ಮುಂದೇನೇ ಕಾಯಿಸಿ ತೋರಿಸಿದ್ರಲ್ಲ?"

"ಅವ್ರ ಪದ್ದತಿ ಅವ್ರು ಮಾಡ್ಲಿ, ನಾನೇನ್ ಬ್ಯಾಡ ಅಂದ್ನಾ? ನಾನು ಇಷ್ಟ್ ವರ್ಸ ಜೇನ್ನ ಉರಿಗೆ ಆಕಿಲ್ಲ. ಯಾರೋ ತಿನ್ನೋ ಅವುಸ್ದಿ ಇದು. ಅಂಗೆ ಮಾಡು ಅಂದ್ರೆ ನನ್ ಕೈ ಓಗಾಕಿಲ್ಲ."

"ಬಾಣಲೆ ನಿಮ್ಮ ಕೈ ತಪ್ಪತ್ತೆ, ಮುನಿಯಣ್ಣ."

ಅವರು ತಟ್ಟೆಯ ಬಿಲ್ಲೆಗಳಿಗೆ ಜೇನು ಕಲಸತೊಡಗಿದರು. "ತಪ್ಪಿದ್ರೆ ತಪ್ಲಿ ಬಿಡು" ಎಂದರು. ದನಿ ಮಾತ್ರ ಹಾಗೆ ಹೇಳುತ್ತಿರಲಿಲ್ಲ.

ನನ್ನ ಕೆಮಿಸ್ಟ್ರಿಯಿಂದ ವಾದ ಮಾಡಬಹುದಿತ್ತು. ಮಾಡಲಿಲ್ಲ. ವಾದದಲ್ಲಿ ಗೆದ್ದರೂ ಆ ಕೈ ಒಲ್ಲದ ಮನಸ್ಸಿನಿಂದಲೇ ಹುರಿಯುತ್ತಿತ್ತು. ನೇರವಾಗಿ ಮಾಲೀಕರ ಕೋಣೆಗೆ ಹೋದೆ. ಲಿನ್ ಮೇಡಂ ಅಲ್ಲೇ ಇದ್ದರು.

"ಸಾರ್, ಮುನಿಯಣ್ಣನಿಗೆ ಕೆಲಸ ಬರುತ್ತೆ. ಅವರ ಮನಸ್ಸು ಒಪ್ತಿಲ್ಲ ಅಷ್ಟೆ" ಎಂದು ನಡೆದದ್ದನ್ನು ಹೇಳಿ, ಲಿನ್ ಮೇಡಂಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ.

ಲಿನ್ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನು ಪಾಪ ಗಾಳಿಯನ್ನು ಬೈತಿದ್ದೆ!" ಎಂದರು. ನಗು ನಿಂತ ಮೇಲೆ ಮಾಲೀಕರ ಕಡೆ ತಿರುಗಿ, "ತಿನ್ನುವವರಿಗೆ ಏನಾದೀತೋ ಎಂದು ಇಷ್ಟು ಹೆದರುವವರನ್ನು ಗೋಡೌನಿಗೆ ಕಳಿಸಬೇಡಿ. ನನಗೆ ಇವರ ಉರಿಯ ಹದ ಬೇಕು. ಜೇನು ಬೇರೆ ಯಾರಾದರೂ ಮುಟ್ಟಲಿ" ಎಂದರು.

ಮಾಲೀಕರು ಒಪ್ಪಿದರು. ಬಾಣಲೆಗೆ ಬಂದವಳು ಪ್ಯಾಕಿಂಗ್ ವಿಭಾಗದ ಸಲ್ಮಾ. ಜೇನು ಕಾಯಿಸಲು ಅವಳಿಗೆ ಯಾವ ಅಂಜಿಕೆಯೂ ಇರಲಿಲ್ಲ, ಅಂಜಿಕೆಯೆಲ್ಲ ಆ ದೊಡ್ಡ ಒಲೆಯದು. ಶನಿವಾರ ಬೆಳಗ್ಗೆ ಮುನಿಯಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವಳ ಪಕ್ಕ ನಿಂತರು.

"ಉರಿ ತಗ್ಸು. ಇನ್ನೂ ತಗ್ಸು. ಬಿಡದಂಗೆ ಕೈಯಾಡ್ಸು, ತಳ ಇಡೀತದೆ."

"ಅಣ್ಣಾ, ಒಂದ್ಚೂರು ಸೌಟು ಹಿಡ್ಕೊಳ್ರೀ, ಕೈ ನೋಯ್ತಾ ಐತೆ!"

"ಜೇನೈತೆ ಅದ್ರಾಗೆ. ನಾನು ಮುಟ್ಟಾಕಿಲ್ಲ."

"ಹಂಗಾದ್ರೆ ಬರೀ ಬೈಯೋಕೆ ನಿಂತಿದ್ದೀರಾ?"

"ಊಂ, ಅದ್ನೇ ಸಾಹೇಬ್ರು ಒಪ್ಪವ್ರೆ."

ಬಿಲ್ಲೆಗಳು ಹಳದಿ ತಿರುಗಿ ಹೊಳೆದವು. ಲಿನ್ ಮೇಡಂ ಒಂದು ಮುಷ್ಟಿ ಹಿಡಿದು ಬಿಟ್ಟರು. ಎಲ್ಲವೂ ಬಿಡಿಬಿಡಿಯಾಗಿ ಉದುರಿದವು. ಸಲ್ಮಾ ಕುಣಿದೇಬಿಟ್ಟಳು. ಲಿನ್ ಮೇಡಂ ಒಂದು ಬಿಲ್ಲೆಯನ್ನು ಮುನಿಯಣ್ಣನತ್ತ ಚಾಚಿದರು. ಅವರು ಬಗ್ಗಿ, ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು ಮೂಸಿದರು. "ಗಮ್ ಅಂತೈತೆ. ಆದ್ರೆ ತಿನ್ನಾಕಿಲ್ಲ ಅಂತ ಏಳವ್ವ ಅವ್ರಿಗೆ" ಎಂದರು.

ಒಲೆಗಳ ಉಸ್ತುವಾರಿ ಮುನಿಯಣ್ಣನಿಗೇ ಉಳಿಯಿತು. ಜೇನಿನ ಬಾಣಲೆ ಸಲ್ಮಾಳದ್ದಾಯಿತು. ಮರಳಲ್ಲಿ ಶುಂಠಿ ಹುರಿಯುವ ಕೆಲಸಕ್ಕೆ ಮುನಿಯಣ್ಣನೇ ನಿಂತರು. ಅವರ ಕೈಯಲ್ಲಿ ಶುಂಠಿ ಉಬ್ಬುವುದನ್ನು ನೋಡಲು ಲಿನ್ ಮೇಡಂ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು.

ಆಮೇಲೆ ನಾನು ದೊಡ್ಡ ಕಂಪನಿಗಳಲ್ಲೂ ಕೆಲಸ ಮಾಡಿದೆ, ಹೊಸ ವಿಧಾನಗಳನ್ನು ಬಹಳ ಮಂದಿಗೆ ಕಲಿಸಿದೆ. ಕಲಿಸುವ ಮುನ್ನ ಒಲೆಯ ಮುಂದೆ ನಿಲ್ಲುವವರನ್ನು ಒಂದು ಮಾತು ಕೇಳುತ್ತೇನೆ: "ಇದನ್ನ ಮಾಡೋಕೆ ನಿಮ್ಮ ಮನಸ್ಸು ಒಪ್ಪುತ್ತಾ?" ಉತ್ತರ ಬರುವ ತನಕ ಉರಿ ಹಚ್ಚಲು ಹೇಳುವುದಿಲ್ಲ.