ಕನ್ನಡಿಗೆ ಕನ್ನಡಿ ಗುಣಿಸಿದ ದಿನ

ಬಾವಿ ತೋಡುವವರಿಗೆ ಕನ್ನಡಿ ಬೇಕು. ಆಳಕ್ಕೆ ಹೋದಂತೆ ಕತ್ತಲೆ. ಮೇಲೊಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕೆಳಗೆ ಬಿಡಬೇಕು, ಆ ಬೆಳಕಲ್ಲಿ ಇನ್ನೊಬ್ಬ ಕೆಲಸ ಮಾಡಬೇಕು. ಕೆಳಗಿನವನು ನನ್ನ ಅಣ್ಣ, ಮೇಲಿನವನು ನಾನು. ಐದನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅದೊಂದೇ ಕೆಲಸ ಬರುತ್ತಿತ್ತು.

ತೊಂಬತ್ತನೇ ಇಸವಿಯ ನಂತರದ ಒಂದು ಮಾಗಿ. ಪಾಲಬಾವಿ ಊರಿನ ಕಬ್ಬಿನ ತೋಟವೊಂದರಲ್ಲಿ ಬಾವಿ ತೋಡುವಾಗ ಕರಿಕಲ್ಲು ಹತ್ತಿತು. ಆರು ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಮೇಲೆ ಬಂದು ಓಡಿದೆವು. ಸದ್ದು ಐದೇ ಕೇಳಿಸಿತು. ಒಂದು ಹಾರಿರಲಿಲ್ಲ.

ಕಾಗವಾಡದ ಕಡೆ ಹಾರದ ತೂತಿಗೆ ಹಾರೆ ತಾಗಿಸಿದವನ ಮುಖ ನಾನು ನೋಡಿದ್ದೆ. ಹಾರೆ ತಾಗಿದ್ದೇ ಅದು ಸಿಡಿದಿತ್ತು. ಅಂಥ ತೂತನ್ನು ಹುಡುಕಿ, ಅದರ ಬಾಯಿಗೆ ಬೇರೆ ಮದ್ದು ಇಟ್ಟು ಹಾರಿಸಬೇಕು. ಬೇಗ ಹುಡುಕಬೇಕಿತ್ತು. ತಳದಲ್ಲಿ ನೀರು ಒಸರುತ್ತಿತ್ತು. ಈ ಮದ್ದು ನೀರಿಗೆ ಸಾಯುವುದಲ್ಲ. ರಾಡಿ ನೀರು ಮುಚ್ಚಿತೆಂದರೆ ಕಾಲು ಎಲ್ಲಿಡುವುದು?

ಕಾಯುವಷ್ಟು ಕಾದು ಅಣ್ಣ ಹಗ್ಗ ಹಿಡಿದು ಇಳಿದ. ನಾನು ಕನ್ನಡಿ ಹಿಡಿದೆ. ಬೆಳಕು ಈ ಗೋಡೆಯಿಂದ ಆ ಗೋಡೆಗೆ ಜಿಗಿಯಿತು.

“ಲೇ, ಬಿಸಲ ಕುಣಸಬ್ಯಾಡೋ! ನಾಟಕ ನೋಡಾಕ ಇಳದೇನೇನ ನಾ?”

“ಕೈ ನಡಗಾಕತ್ತೈತಿ ಅಣ್ಣಾ!”

“ಮದ್ದಿನ ಮ್ಯಾಲ ನಿಂತಾಂವ ನಾನು, ನಡಗಾಂವ ನೀನೇನಲೇ!”

ತೋಟದ ಮಾಲೀಕರ ಮಗ ಇಂಜಿನಿಯರಿಂಗ್ ಓದುತ್ತಿದ್ದ, ರಜೆಗೆ ಬಂದಿದ್ದ. ಪಕ್ಕದಲ್ಲೇ ನಿಂತು ನೋಡುತ್ತಿದ್ದವನು ಹೇಳಿದ: “ಕನ್ನಡಿ ಒಂದ ಬೆರಳ ತಿರಗಿದ್ರ ಬೆಳಕ ಎರಡ ಬೆರಳ ತಿರಗತೈತಿ. ನಿನ್ನ ನಡಗೂದು ಕೆಳಗ ದುಪ್ಪಟ್ಟ ಆಗಾಕತ್ತೈತಿ.”

“ಶ್ಯಾಣ್ಯಾತನ ಆಮ್ಯಾಲ ಹೇಳ್ರಿ ಸಾವಕಾರ್ರ. ಅಣ್ಣ ಕೆಳಗ ಅದಾನ.”

ಅವನು ಸಿಟ್ಟಾಗಲಿಲ್ಲ. “ಅಲ್ಲೇ ನಿಂದರ್ರಿ, ಕಾಲ ಎತ್ತಬ್ಯಾಡ್ರಿ” ಎಂದು ಅಣ್ಣನಿಗೆ ಕೂಗಿ ಮನೆಗೆ ಓಡಿದ. ಗೋಡೆಯ ಕನ್ನಡಿ ಕಿತ್ತು ತಂದ, ಜೊತೆಗೆ ತಳ ಕಿತ್ತ, ಮರದ, ಅಥಣಿಯ ದ್ರಾಕ್ಷಿ ಪೆಟ್ಟಿಗೆಯೊಂದು. ಅದರೊಳಗೆ ಅವನ ಕನ್ನಡಿ, ನನ್ನ ಕನ್ನಡಿ ಒಂದಕ್ಕೊಂದು ಮುಖ ಮಾಡಿ ಓರೆಯಾಗಿ ಕೂರಿಸಿದ. ಬಿಸಿಲು ಮೊದಲನೆಯದಕ್ಕೆ ಬಿದ್ದು, ಎರಡನೆಯದಕ್ಕೆ ಹಾರಿ, ನೇರ ಕೆಳಗೆ ಇಳಿಯುವವರೆಗೆ ಸರಿಸಿ ಮೊಳೆ ಹೊಡೆದ. ಹೊಡೆಯುತ್ತಲೇ ಮಾತು.

“ಒಂದ ಕನ್ನಡಿ ಉಲ್ಟಾ ಮಾಡತೈತಿ. ಇನ್ನೊಂದು ಆ ಉಲ್ಟಾನ್ನ ಮತ್ತ ಉಲ್ಟಾ ಮಾಡತೈತಿ. ಕನ್ನಡಿಗೆ ಕನ್ನಡಿ ಗುಣಿಸಿದ್ರ ಉಳಿಯೂದು ಬರೇ ಒಂದು ತಿರುವು. ಅದು ಎಷ್ಟಂತ ಹೇಳೂದು ಎರಡರ ನಡುವಿನ ಕೋನ, ನಿನ್ನ ಕೈಯಲ್ಲ. ಕಾಲೇಜಿನ್ಯಾಗ ಒಬ್ಬ ಮಾಸ್ತರು ಇದನ್ನ ಬೀಜಗಣಿತದಾಗ ತೋರಿಸ್ಯಾರ. ಫೋಟೋದಾಗಿನ ಸಾಮಾನು ಎಷ್ಟ ತಿರಗೇತಿ ಅಂತ ಕಂಪ್ಯೂಟರಿಗೆ ತಿಳಸಾಕೂ ಇದ ಲೆಕ್ಕ ನಡೀತೈತಂತ.”

ನನಗೆ ಗೊತ್ತಿದ್ದ ಗುಣಾಕಾರ ಮಗ್ಗಿಯದು. ಕನ್ನಡಿ ಗುಣಿಸುವುದನ್ನು ಕೇಳಿರಲಿಲ್ಲ.

ಬಾವಿಯ ಬಾಯಿಗೆ ಅಡ್ಡ ಹಾಕಿದ ಹಲಗೆಗಳ ಮೇಲೆ ನಾನು ಬೋರಲು ಮಲಗಿದೆ. ಪೆಟ್ಟಿಗೆ ಆ ಕಡೆ ಈ ಕಡೆ ವಾಲದಂತೆ ಸಾವಕಾರರ ಮಗ ಎರಡು ಹಲಗೆಗಳ ನಡುವೆ ಸಿಕ್ಕಿಸಿದ್ದ. ಆದರೂ ಅದು ಕೈಯಲ್ಲಿ ಹಿಂದೆ ಮುಂದೆ ನಡುಗುತ್ತಲೇ ಇತ್ತು. ಕೆಳಗೆ ನೋಡಿದೆ. ಬೆಳಕು ಕಲ್ಲಿಗೆ ಮೆತ್ತಿದಂತೆ ನಿಂತಿತ್ತು. ನನಗೆ ಇನ್ನೂ ಹೆದರಿಕೆಯಾಯಿತು. ಅಣ್ಣನ ಬರಿಗಾಲು, ಬೆರಳುಗಳ ಸುತ್ತ ನೀರು, ಎಲ್ಲ ಕಾಣುತ್ತಿತ್ತು. ಮೊದಲು ಕಾಣುತ್ತಿರಲಿಲ್ಲ.

“ಸಿಕ್ಕತು” ಎಂದ ಅಣ್ಣ. ತನ್ನ ಕಾಲ ಬುಡಕ್ಕೆ ಬಗ್ಗಿ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, “ತಮ್ಮಾ, ಎರಡ ಅದಾವಲೇ. ಇನ್ನೊಂದು ನನ್ನ ಹಿಮ್ಮಡದ ಕೆಳಗ ಐತಿ.”

ಐದು ಎಂದು ನಾವೆಲ್ಲ ಎಣಿಸಿದ್ದರಲ್ಲಿ ಒಂದು ಸದ್ದು ಗೋಡೆಗೆ ಬಡಿದು ತಿರುಗಿ ಬಂದದ್ದು; ಹಾರಿದ್ದು ನಾಲ್ಕೇ.

ಹಿಮ್ಮಡ ಮೆಲ್ಲಗೆ ಎದ್ದಿತು. ಅಣ್ಣ ಎರಡರ ಬಾಯಿಗೂ ಮದ್ದು ಇಟ್ಟ, ಬತ್ತಿ ಹಚ್ಚಿದ, ಹಗ್ಗ ಹಿಡಿದ.

ಅವನು ಮೇಲೆ ಬಂದರೂ ನನಗೆ ಪೆಟ್ಟಿಗೆ ಬಿಡಲಾಗಲಿಲ್ಲ. ಬೆರಳು ಬಿಚ್ಚಲೇ ಇಲ್ಲ. ತಳದಲ್ಲಿ ಬತ್ತಿ ಹೊಗೆಯಾಡುವುದು ಅದೇ ಬೆಳಕಲ್ಲಿ ಕಾಣುತ್ತಿತ್ತು.

“ಬಿಡಲೇ ಹುಚ್ಚಾ, ಬಂದೇನಿ ನಾನು!” ಅಣ್ಣ ಒಂದೊಂದೇ ಬೆರಳು ಕಿತ್ತು, ರಟ್ಟೆ ಹಿಡಿದು ಕಬ್ಬಿನೊಳಗೆ ಎಳೆದುಕೊಂಡು ಓಡಿದ. ಈ ಸಲ ಸದ್ದು ಎಣಿಸಿದವನು ಅವನೇ: “ಎರಡೂ ಹಾರಿದುವಲೇ!” ನಾನು ಕಿವಿ ಮುಚ್ಚಿ, ಮಣ್ಣಿಗೆ ಮುಖ ಒತ್ತಿ ಬಿದ್ದಿದ್ದೆ.